ಮದುವೆ ಕಾಗದಕ್ಕೆ ಯಾವ ಅಕ್ಷರ? ಕನ್ನಡವೂ ಬೇಕು, ಮಲಯಾಳವೂ ಬೇಕು

ಪೆರ್ಲದವಳು
ಶನಿವಾರ ರಾತ್ರಿ 10.20

ಎಲ್ಲರಿಗೂ ನಮಸ್ಕಾರ. ಬರುವ ಮೇ ತಿಂಗಳ ಮೊದಲ ವಾರ ನನ್ನ ಮದುವೆ. ನಮ್ಮದು ಕಾಸರಗೋಡಿನ ಪೆರ್ಲ. ಹುಡುಗನ ಮನೆ ಕಾಞಂಗಾಡು, ಅವರ ಮನೆಮಾತು ಮಲಯಾಳ. ಮದುವೆ ಬದಿಯಡ್ಕದ ಹಾಲಿನಲ್ಲಿ. ಎರಡೂ ಕಡೆಗೆ ಸೇರಿ 450 ಕಾಗದ ಬೇಕು ಅಂತ ಲೆಕ್ಕ ಹಾಕಿದ್ದೇವೆ.

ಕಾಗದ ನಾನೇ ಮಾಡುತ್ತೇನೆ ಅಂತ ಮನೆಯಲ್ಲಿ ಹೇಳಿ ಆಗಿದೆ. ಅಪ್ಪನಿಗೆ ಇದು ಅರ್ಥವೇ ಆಗುವುದಿಲ್ಲ. ‘ಅದರಲ್ಲಿ ಎಂತ ಮಾಡ್ಲಿಕ್ಕುಂಟು? ಪ್ರೆಸ್ಸಿಗೆ ಹೋಗುವುದು, ಆಲ್ಬಂ ನೋಡುವುದು, ನಂಬರ್ ಹೇಳಿ ಬರುವುದು’ ಅನ್ನುತ್ತಾರೆ. ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಡಿಸೈನ್ ಕಲಿತವಳಲ್ಲ. ಇಂಟರ್ನೆಟ್ಟಿನಲ್ಲಿ ಒಂದು ಇಂಗ್ಲಿಷ್ ಮಾದರಿ ಸಿಕ್ಕಿತು. ಬಿಳಿ ಕಾಗದ, ನಡುವೆ ಸಣ್ಣ ಕ್ಯಾಪಿಟಲ್ ಅಕ್ಷರಗಳು, ಒಂದೊಂದರ ನಡುವೆ ಬೇಕಾದಷ್ಟು ಜಾಗ. ಬಹಳ ಚಂದ. ಅದೇ ಜಾಗಕ್ಕೆ ಕನ್ನಡ ಹಾಕಿ ನೋಡಿದೆ. ಬೇರೆಯವರ ಅಂಗಿ ಹಾಕಿಕೊಂಡ ಹಾಗೆ ಆಯಿತು. ಅಕ್ಷರ ಒಂದು ಕಡೆ, ಒತ್ತು ಒಂದು ಕಡೆ. ಅಜ್ಜಿಯ ಹೆಸರು ಲಕ್ಷ್ಮೀ. ಅದರ ಒತ್ತುಗಳು ಹೋಗಿ ಕೆಳಗಿನ ಸಾಲಿನ ತಲೆಗೆ ಬಡಿಯುತ್ತಿವೆ.

ಯಾವ ಫಾಂಟ್ ಒಳ್ಳೆಯದು? ಕನ್ನಡ, ಮಲಯಾಳ ಎರಡೂ ಒಂದೇ ಮನೆಯವರ ಹಾಗೆ ಕಾಣುವುದು ಯಾವುದಾದರೂ ಉಂಟಾ? ಕನ್ನಡ ಅಂಕೆ ಹಾಕಬೇಕಾ? ಚಿನ್ನದ ಬಣ್ಣ ಬೇಕು ಅಂತ ಅಮ್ಮ. ನನಗೆ ಬೇಡ. ಗೊತ್ತಿದ್ದವರು ಹೇಳಿ, ಪ್ಲೀಸ್.


ಮುಳ್ಳೇರಿಯ ಅಡಿಕೆ

ಇಷ್ಟೆಲ್ಲ ಎಂತಕ್ಕೆ? ವಾಟ್ಸಾಪಿನಲ್ಲಿ ಒಂದು ಪಟ ಕಳಿಸಿ ಸಾಕು. ಕಾಗದ ನೋಡುವುದು ಹಾಲ್ ಯಾವುದು, ದಿನ ಯಾವುದು ಅಂತ ಮಾತ್ರ. ಆಮೇಲೆ ಅದು ಫ್ರಿಜ್ಜಿನ ಮೇಲೆ.


ಕುಂಬಳೆ ಡಿಟಿಪಿ

ಅಡಿಕೆ ಅಣ್ಣ, ನಮ್ಮ ಹೊಟ್ಟೆಗೆ ಹೊಡೆಯಬೇಡಿ ಮಾರಾಯ್ರೆ.

ತಂಗೀ, ಶುಭವಾಗಲಿ. ನಾನು 22 ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ಅಕ್ಷರದ ಚಂದ ಆಮೇಲೆ. ಮೊದಲು ನೋಡಬೇಕಾದದ್ದು ಯಾವ ಸಾಫ್ಟ್‌ವೇರಿನಲ್ಲಿ ಮಾಡುತ್ತೀರಿ, ಎಲ್ಲಿ ಪ್ರಿಂಟ್ ಹಾಕಿಸುತ್ತೀರಿ ಅಂತ. ನಮ್ಮಂಥ ಅಂಗಡಿಗಳಲ್ಲಿ ಹೆಚ್ಚಾಗಿ ಇರುವುದು ಹಳೆ ಕೋರೆಲ್‌ಡ್ರಾ. ಅದಕ್ಕೆ ನುಡಿ, ಬರಹ, ಶ್ರೀಲಿಪಿ. ಆ ಹಳೆ ಫಾಂಟುಗಳು ಯುನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲ. ಒಳಗಿರುವುದು ಇಂಗ್ಲಿಷ್ ಅಕ್ಷರ, ಮೇಲೆ ಕನ್ನಡದ ವೇಷ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಫೈಲ್ ತೆರೆದರೆ ಯಕ್ಷಗಾನದ ಚೌಕಿಯಲ್ಲಿ ಕಿರೀಟ ತೆಗೆದ ಹಾಗೆ. ‘ಕನ್ನಡ’ ಅಂತ ಇದ್ದಲ್ಲಿ ಇಂಗ್ಲಿಷಿನ ಪಿ, ತಲೆ ಮೇಲೆ ಗೆರೆ ಇರುವ ಎ, ಒಂದು ಪೌಂಡ್ ಗುರುತು.

ನೀವು ಫೋನಿನಲ್ಲಿ ಟೈಪ್ ಮಾಡುವುದು ಯುನಿಕೋಡ್. ಅದನ್ನು ಕಾಪಿ ಮಾಡಿ ಹಳೆ ಸಾಫ್ಟ್‌ವೇರಿಗೆ ಹಾಕಿದರೆ ‘ಪ್ರಸನ್ನ’ ಹೋಗಿ ‘ಪ್‌ರಸನ್‌ನ’ ಆಗುತ್ತದೆ. ದೇವರೇ ಪ್ರಸನ್ನ ಆಗದ ಹಾಗೆ. ಫೋಟೋಶಾಪಿನಲ್ಲಿ ಮಾಡುವುದಾದರೆ ಸೆಟ್ಟಿಂಗಿನಲ್ಲಿ ವರ್ಲ್ಡ್‌-ರೆಡಿ ಲೇಔಟ್ ಅಂತ ಉಂಟು, ಇನ್‌ಡಿಸೈನಿನಲ್ಲಿ ವರ್ಲ್ಡ್‌-ರೆಡಿ ಕಂಪೋಸರ್. ಅದನ್ನು ಆನ್ ಮಾಡಿಕೊಳ್ಳಿ, ಒತ್ತು ಸರಿ ಕೂರುತ್ತದೆ. ಎಲ್ಲ ಮುಗಿದ ಮೇಲೆ ಅಕ್ಷರಗಳನ್ನು ಕರ್ವ್ಸ್ ಮಾಡಿ, ಸುತ್ತ 3 ಮಿ.ಮೀ. ಬ್ಲೀಡ್ (ಕತ್ತರಿಸುವಾಗ ಹೋಗುವ ಅಂಚು) ಬಿಟ್ಟು, ಪಿಡಿಎಫ್ ಕೊಡಿ. ಕರ್ವ್ಸ್ ಮಾಡಿದರೆ ಅದು ಅಕ್ಷರ ಅಲ್ಲ, ಚಿತ್ರ. ಯಾವ ಪ್ರೆಸ್ಸಿನಲ್ಲಿ ತೆರೆದರೂ ಅಲ್ಲಾಡುವುದಿಲ್ಲ. ಆದರೆ ತಿದ್ದಲಿಕ್ಕೂ ಆಗುವುದಿಲ್ಲ. ಹಾಗಾಗಿ ಮಾಡುವ ಮೊದಲು ಮೂರು ಜನರ ಹತ್ತಿರ ಓದಿಸಿ.


ಉಪ್ಪಳದ ಡಿಸೈನರ್

ನಾನು ಮಂಗಳೂರಿನಲ್ಲಿ ಡಿಸೈನ್ ಮಾಡುತ್ತೇನೆ. ಇಂಗ್ಲಿಷ್ ಮಾದರಿ ಕನ್ನಡಕ್ಕೆ ಯಾಕೆ ಕೂರುವುದಿಲ್ಲ ಅಂತ ಹೇಳುತ್ತೇನೆ. ಆ ಚಂದ ಇರುವುದು ಕ್ಯಾಪಿಟಲ್ ಅಕ್ಷರದಲ್ಲಿ. ಎಲ್ಲವೂ ಒಂದೇ ಎತ್ತರ, ಕೆಳಗೆ ಏನೂ ಇಳಿಯುವುದಿಲ್ಲ. ಹಾಗಾಗಿ ನಡುವೆ ಜಾಗ ಬಿಟ್ಟರೂ ಸಾಲು ಸಾಲಾಗಿಯೇ ನಿಲ್ಲುತ್ತದೆ. ನಮ್ಮಲ್ಲಿ ಕ್ಯಾಪಿಟಲ್ ಇಲ್ಲ. ಮೇಲೆ ಗುಡಿಸು, ಕೆಳಗೆ ಒತ್ತು, ಬಲಕ್ಕೆ ಕೊಂಬು, ದೀರ್ಘ, ಅರ್ಕಾವೊತ್ತು. ಒಂದು ‘ಲಕ್ಷ್ಮೀ’ಯಲ್ಲೇ ಎಲ್ಲ ದಿಕ್ಕಿಗೂ ಕೈಕಾಲು ಚಾಚಿರುತ್ತದೆ. ಅಕ್ಷರದ ನಡುವೆ ಜಾಗ ಎಳೆದರೆ ಶಬ್ದ ಬಿಡಿಬಿಡಿ ಆಗುತ್ತದೆ. ಆ ಅಳತೆಯನ್ನು ಸೊನ್ನೆಗೆ ತನ್ನಿ. ಜಾಗ ಬಿಡಬೇಕಾದದ್ದು ಸಾಲುಗಳ ನಡುವೆ. 13 ಪಾಯಿಂಟಿನ ಅಕ್ಷರಕ್ಕೆ 20 ಪಾಯಿಂಟಿನ ಸಾಲು ಇಟ್ಟು ನೋಡಿ. ಲಕ್ಷ್ಮೀ ಅಜ್ಜಿ ಆರಾಮ ಕೂರುತ್ತಾರೆ.

ಈಗ ಫಾಂಟ್. ಗೂಗಲ್ ಫಾಂಟ್ಸಿನಲ್ಲಿ ಸಿಗುವವು ಧರ್ಮಕ್ಕೆ, ಪ್ರಿಂಟಿಗೂ ಬಳಸಬಹುದು. ನೋಟೋ ಸೆರಿಫ್ ಕನ್ನಡ ಒಂದು ಉಂಟು. ತಪ್ಪು ಮಾಡುವುದಿಲ್ಲ, ಆದರೆ ಬ್ಯಾಂಕಿನ ಅರ್ಜಿಯ ಮುಖ. ಅನೆಕ್ ಕನ್ನಡ 2022ರಲ್ಲಿ ಬಂದದ್ದು, ಮುಂಬಯಿಯ ಏಕ್ ಟೈಪ್‌ನವರು ಮಾಡಿದ್ದು. ಅದೇ ಮನೆಯಲ್ಲಿ ಮಲಯಾಳವೂ ಸೇರಿ ಒಂಬತ್ತು ಭಾರತೀಯ ಲಿಪಿ, ಜೊತೆಗೆ ಇಂಗ್ಲಿಷ್. ದಪ್ಪ ಬೇಕಾದರೆ ದಪ್ಪ, ಅಗಲ ಬೇಕಾದರೆ ಅಗಲ. ಎರಡು ಲಿಪಿಯ ಕಾಗದಕ್ಕೆ ಇದಕ್ಕಿಂತ ಸುಲಭದ್ದು ಇಲ್ಲ. ಆದರೆ ಸ್ವಲ್ಪ ಪೇಟೆಯ ಅಕ್ಷರ. ಮೊಬೈಲ್ ಅಂಗಡಿ ಉದ್ಘಾಟನೆಗೂ ಸರಿಯಾಗುತ್ತದೆ.

ನನ್ನ ಇಷ್ಟ ಟೀರೋ ಕನ್ನಡ. ದಪ್ಪ ಗೆರೆ, ಸಪೂರ ಗೆರೆ ಎರಡೂ ಇರುವ, ಹಳೆ ಪುಸ್ತಕದ ಅಕ್ಷರ. ಹಾರ್ವರ್ಡ್ ಯೂನಿವರ್ಸಿಟಿ ಪ್ರೆಸ್ಸಿನ ಮೂರ್ತಿ ಕ್ಲಾಸಿಕಲ್ ಲೈಬ್ರರಿ ಉಂಟಲ್ವಾ, ನಮ್ಮ ಹಳೆ ಕಾವ್ಯಗಳನ್ನು ಹಾಕುವ ಪುಸ್ತಕಮಾಲೆ, ಅದಕ್ಕಾಗಿ ಮಾಡಿಸಿದ ಅಕ್ಷರಗಳ ಬಳಗದ್ದು. ಬೋಲ್ಡ್ ಇಲ್ಲ, ಅದು ಒಳ್ಳೆಯದೇ. ಮದುವೆ ಕಾಗದದಲ್ಲಿ ಬೋಲ್ಡ್ ಹಾಕಲು ಶುರುಮಾಡಿದರೆ ಸೋದರಮಾವ ‘ನಂದು ಯಾಕೆ ಬೋಲ್ಡ್ ಇಲ್ಲ’ ಅಂತ ಕೇಳುತ್ತಾರೆ. ಟೀರೋದಲ್ಲಿ ಮಲಯಾಳ ಇಲ್ಲ, ಅದೊಂದು ಕಷ್ಟ.


ಹೊಸದುರ್ಗದ ಸೊಸೆ

ಪೆರ್ಲದ ತಂಗೀ, ನನ್ನದೂ ನಿನ್ನದೇ ಕತೆ. ನಾನು ಬೇಳದವಳು, ಮದುವೆಯಾದದ್ದು ಕಾಞಂಗಾಡಿನ ಹೊಸದುರ್ಗದ ಮಲಯಾಳಿ ಮನೆಗೆ. 2018ರಲ್ಲಿ ಕಾಗದ ಮಾಡಿಸಿದಾಗ ಅನುಭವಿಸಿದ್ದನ್ನು ಹೇಳುತ್ತೇನೆ, ನೀನು ಹಾಗೆ ಮಾಡಬೇಡ.

ಒಂದೇ ಮಗ್ಗುಲಿಗೆ ಮೇಲೆ ಕನ್ನಡ, ಕೆಳಗೆ ಮಲಯಾಳ ಹಾಕಿದೆವು. ಮಲಯಾಳದ ಅಕ್ಷರ ಅಗಲ ಜಾಸ್ತಿ, ಶಬ್ದಗಳೂ ಉದ್ದ. ಕನ್ನಡದಲ್ಲಿ ಒಂಬತ್ತು ಸಾಲಿನಲ್ಲಿ ಮುಗಿದದ್ದು ಅಲ್ಲಿ ಹದಿಮೂರು ಸಾಲಾಯಿತು. ಜಾಗ ಸಾಲದೆ ಪ್ರೆಸ್ಸಿನವರು ಮಲಯಾಳವನ್ನು ಎರಡು ಪಾಯಿಂಟು ಸಣ್ಣ ಮಾಡಿದರು. ನಮ್ಮನ್ನು ಕೇಳಲಿಲ್ಲ. ಕಾಗದ ಕೈಗೆ ಬಂದಾಗ ಅತ್ತೆ ಏನೂ ಹೇಳಲಿಲ್ಲ. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು, ಅಷ್ಟೇ. ನನಗೆ ಅದು ಈಗಲೂ ನೆನಪುಂಟು. ಅಲ್ಲದೆ ಮೇಲೆ ಯಾರು, ಕೆಳಗೆ ಯಾರು ಅನ್ನುವುದು ನಮ್ಮ ಕಾಸರಗೋಡಿನಲ್ಲಿ ಸಣ್ಣ ವಿಷಯ ಅಲ್ಲ, ಗೊತ್ತುಂಟಲ್ಲ.

ಒಂದು ಮಗ್ಗುಲು ಕನ್ನಡ, ಇನ್ನೊಂದು ಮಗ್ಗುಲು ಮಲಯಾಳ ಮಾಡು. ಎದುರು ಯಾವುದು, ಹಿಂದೆ ಯಾವುದು ಅಂತ ಇರಬಾರದು. ಮಡಚುವ ಕಾರ್ಡ್ ಬೇಡ, ಒಂದೇ ದಪ್ಪ ಹಾಳೆ. ಮಡಚಿದರೆ ಒಂದು ಮುಖಪುಟ ಆಗಿಯೇ ಆಗುತ್ತದೆ.

ಮಲಯಾಳದಲ್ಲಿ ಇನ್ನೊಂದು ಉಂಟು. 1971ರಲ್ಲಿ ಕೇರಳ ಸರ್ಕಾರ ಲಿಪಿಯನ್ನು ಸುಲಭ ಮಾಡಿತು. ಟೈಪ್‌ರೈಟರಿಗೆ ಅನುಕೂಲ ಆಗಲಿ ಅಂತ ಕೂಡಕ್ಷರಗಳನ್ನು ಬಿಡಿಸಿದರು, ಉಕಾರವನ್ನು ಅಕ್ಷರದಿಂದ ಬೇರೆ ಮಾಡಿ ಪಕ್ಕಕ್ಕೆ ಇಟ್ಟರು. ಹಾಗಾಗಿ ಹಳೆ ಲಿಪಿ, ಹೊಸ ಲಿಪಿ ಅಂತ ಎರಡು ಬಗೆಯ ಫಾಂಟ್ ಸಿಗುತ್ತದೆ. ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಬಳಗದವರ ರಚನ, ಮಂಜರಿ ಎರಡೂ ಹಳೆ ಲಿಪಿ. ನಮ್ಮ ಮಾವನವರಿಗೆ ರಚನ ಕಂಡರೆ ಪ್ರೀತಿ. ‘ಇದು ನಮ್ಮ ಸ್ಲೇಟಿನ ಅಕ್ಷರ’ ಅನ್ನುತ್ತಾರೆ.

ಇಲ್ಲ, ಸ್ವಲ್ಪ ಗಮ್ಮತ್ತಿನ ಕಾಗದ ಆಗಬಹುದು ಅಂತಾದರೆ ಬಲೂ ತಮ್ಮ ಹಾಕು. ಅದರ ಮಲಯಾಳದ ಹೆಸರು ಬಲೂ ಚೇಟ್ಟನ್. ಕನ್ನಡಕ್ಕೆ ತಮ್ಮ, ಮಲಯಾಳಕ್ಕೆ ಅಣ್ಣ! ಹೆಸರಿಟ್ಟವರು ಕಾಸರಗೋಡು ನೋಡಿದ್ದಾರೋ ಏನೋ.


ಉಪ್ಪಳದ ಡಿಸೈನರ್

ಅಕ್ಕಾ, ಬಲೂ ಗುಂಡುಗುಂಡಾದ ಅಕ್ಷರ, ಮದರಂಗಿ ದಿನದ ಬೋರ್ಡಿಗೆ ಹೇಳಿ ಮಾಡಿಸಿದ್ದು. ಕಾಗದಕ್ಕೆ ಬೇಡ. ಆದರೆ ರಚನ ಒಳ್ಳೆ ಮಾತು ಹೇಳಿದಿರಿ. ಟೀರೋದ ಹಾಗೆ ಅದಕ್ಕೂ ದಪ್ಪ ಸಪೂರ ಉಂಟು. ಎರಡನ್ನೂ ಒಂದೇ ಪಾಯಿಂಟಿನಲ್ಲಿ ಇಡಬೇಡಿ ಪೆರ್ಲದವರೇ. ಪಾಯಿಂಟು ಲೆಕ್ಕ ಬೇರೆ, ಕಣ್ಣಿನ ಲೆಕ್ಕ ಬೇರೆ. ಕನ್ನಡದ ‘ಅ’ ಮತ್ತು ಮಲಯಾಳದ ‘ಅ’ ಪಕ್ಕದಲ್ಲಿಟ್ಟು, ಎರಡೂ ಒಂದೇ ಎತ್ತರ ಕಾಣುವ ತನಕ ದೊಡ್ಡ ಸಣ್ಣ ಮಾಡಿ.

ಮತ್ತೆ ಒಂದು ಪರೀಕ್ಷೆ. ಫಾಂಟ್ ನೋಡುವಾಗ ‘ಕನ್ನಡ’ ಅಂತ ಟೈಪ್ ಮಾಡಿ ನೋಡಬೇಡಿ, ಅದರಲ್ಲಿ ಎಲ್ಲ ಫಾಂಟೂ ಚಂದವೇ. ನಿಮ್ಮ ಕಾಗದದ್ದೇ ಕಷ್ಟದ ಶಬ್ದ ಹಾಕಿ. ಲಕ್ಷ್ಮೀ, ಜ್ಯೇಷ್ಠ ಪುತ್ರಿ, ಮುಹೂರ್ತ, ಕಾಞಂಗಾಡು. ಆ ‘ಞ’ ಉಂಟಲ್ಲ, ಬೆಂಗಳೂರಿನವರಿಗೆ ಅದು ಅಕ್ಷರಮಾಲೆಯಲ್ಲಿ ಮಾತ್ರ ಬರುವುದು. ನಮಗೆ ಬಸ್ಸಿನ ಬೋರ್ಡಿನಲ್ಲಿ ದಿನಾ ಬೇಕು. ಅಪರೂಪದ ಅಕ್ಷರ ಅಂತ ಕೆಲವು ಫಾಂಟಿನಲ್ಲಿ ಅದನ್ನು ಕಾಟಾಚಾರಕ್ಕೆ ಬಿಡಿಸಿರುತ್ತಾರೆ. ದೊಡ್ಡದು ಮಾಡಿದರೆ ಗೊತ್ತಾಗುತ್ತದೆ.


ನೀರ್ಚಾಲು ಮಾಸ್ಟ್ರು
ಭಾನುವಾರ ಬೆಳಿಗ್ಗೆ 6.05

ಮಗಳೇ, ನಾನು 31 ವರ್ಷ ಕನ್ನಡ ಪಾಠ ಮಾಡಿದವನು. ಫಾಂಟ್ ನನಗೆ ಗೊತ್ತಿಲ್ಲ, ಅಕ್ಷರ ಗೊತ್ತು. ನನಗೆ ಬರುವ ಮದುವೆ ಕಾಗದಗಳಲ್ಲಿ ಕೆಂಪು ಪೆನ್ನು ಹಿಡಿಯುವುದು ಕೆಟ್ಟ ಅಭ್ಯಾಸ, ಬಿಡಲಿಕ್ಕೆ ಆಗುವುದಿಲ್ಲ.

ಕಳೆದ ವರ್ಷ ಒಂದು ಕಾಗದ ಬಂತು. ಮೆರೂನ್ ಹಾಳೆ, ಚಿನ್ನದ ಬಣ್ಣದ ಹೊಳೆಯುವ ಅಕ್ಷರ. ಬಹಳ ದುಡ್ಡು ಹಾಕಿದ್ದಾರೆ. ಓದಿದರೆ ‘ವದು’ ಅಂತ ಉಂಟು. ನಾನು ತಪ್ಪು ಅಂತ ಗುರುತು ಹಾಕಿದೆ. ಆಮೇಲೆ ಭೂತಗನ್ನಡಿ ಇಟ್ಟು ನೋಡಿದೆ. ಅದು ‘ಧು’ವೇ. ಕೆಳಗೆ ಸೀಳು ಹಾಕುತ್ತೇವಲ್ಲ, ಆ ಸೀಳಿನೊಳಗೆ ಚಿನ್ನ ತುಂಬಿಕೊಂಡು ಮುಚ್ಚಿಹೋಗಿದೆ. ಕನ್ನಡದಲ್ಲಿ ದ, ಧ, ಥ ಈ ಮೂರಕ್ಕೂ ಇರುವ ವ್ಯತ್ಯಾಸ ಒಂದು ಸೀಳು, ಒಂದು ಚುಕ್ಕೆ. ಅದು ಹೋದರೆ ಅಕ್ಷರವೇ ಹೋಯಿತು. ಟ್ಯೂಬ್‌ಲೈಟಿನ ಕೆಳಗೆ ಹಿಡಿದರೆ ಮಿನುಗುತ್ತದೆ, ಓದಲಿಕ್ಕೆ ಆಗುವುದಿಲ್ಲ. ಹೀಗೆ ವಾರೆ, ಹಾಗೆ ವಾರೆ ಮಾಡಬೇಕು. ಅಮ್ಮನಿಗೆ ಇದನ್ನು ಹೇಳು.

ಕನ್ನಡ ಅಂಕೆ ಬಗ್ಗೆ ಕೇಳಿದ್ದೀಯ. ನಾನು ಕನ್ನಡದ ಮೇಷ್ಟ್ರು, ಹಾಕು ಅಂತ ಹೇಳುತ್ತೇನೆ ಅಂದುಕೊಂಡಿರಬಹುದು. ಬೇಡ. ೬ ಮತ್ತು ೯ ಹಲವರಿಗೆ ಒಂದೇ ಕಾಣುತ್ತದೆ. ೭ನ್ನು ಈಗಿನ ಮಕ್ಕಳು 2 ಅಂತ ಓದುತ್ತಾರೆ. ಫೋನ್ ನಂಬರಿನಲ್ಲಿ ಸೊನ್ನೆಯೋ ಅನುಸ್ವಾರವೋ ಗೊತ್ತಾಗುವುದಿಲ್ಲ. ಮುಹೂರ್ತ ತಪ್ಪಿದರೆ ಭಾಷಾಭಿಮಾನ ಊಟ ಬಡಿಸುವುದಿಲ್ಲ.

‘ಆಶೀರ್ವಾದ’ ಸರಿಯಾಗಿ ಬರೆ. ‘ಆರ್ಶೀವಾದ’ ಅಂತ ಅಚ್ಚಾದದ್ದು ನನ್ನ ಪೆಟ್ಟಿಗೆಯಲ್ಲಿ ಹನ್ನೊಂದು ಕಾಗದ ಉಂಟು. ಮತ್ತೆ ‘ಸಕುಟುಂಬ ಸಪರಿವಾರ ಸಮೇತರಾಗಿ’ ಅಂತ ಹಾಕಬೇಡ. ‘ಸ’ ಅಂದರೇ ಸಮೇತ. ಎರಡು ಸಲ ಕರೆದು ಮೂರನೆಯ ಸಲ ಕೈ ಹಿಡಿದು ಎಳೆದ ಹಾಗೆ. ‘ಸಕುಟುಂಬರಾಗಿ ಬಂದು’ ಸಾಕು.


ಪೆರ್ಲದವಳು

ಮಾಸ್ಟ್ರೇ, ‘ವದು’ ಓದಿ ಅಮ್ಮನಿಗೆ ಫೋನಿನಲ್ಲೇ ಹೇಳಿದೆ. ಚಿನ್ನ ಕ್ಯಾನ್ಸಲ್. ತುಂಬ ತುಂಬ ಥ್ಯಾಂಕ್ಸ್. ಥ್ಯಾಂಕ್ಸಿನ ‘ಥ’ದ ಚುಕ್ಕೆ ಸರಿ ಉಂಟು ಅಂತ ಭಾವಿಸುತ್ತೇನೆ.

ಮಾಸದ ಲೆಕ್ಕ ಹೇಗೆ ಹಾಕುವುದು? ಬೆಂಗಳೂರಿನ ಗೆಳತಿಯರ ಕಾಗದದಲ್ಲಿ ಚೈತ್ರ, ವೈಶಾಖ ಅಂತ ಇರುತ್ತದೆ. ನಮ್ಮಲ್ಲಿ ಬೇರೆ ಅಲ್ವಾ?


ನೀರ್ಚಾಲು ಮಾಸ್ಟ್ರು

ನಮ್ಮದು ಸೌರಮಾನ. ‘ಮೇಷ ಮಾಸ ದಿನ ಇಷ್ಟು ಸಲುವ ತಾರೀಕು ಇಷ್ಟನೇ’ ಅಂತ ಬರೆಯುವುದು ಊರಿನ ಕ್ರಮ. ಆ ‘ಸಲುವ’, ಅಂದರೆ ಅದಕ್ಕೆ ಸರಿಹೊಂದುವ, ಅನ್ನುವುದನ್ನು ಬಿಡಬೇಡ. ಅದನ್ನು ಓದಿದ ಕೂಡಲೇ ಇದು ಈಚೆ ಕರಾವಳಿಯ ಕಾಗದ ಅಂತ ಗೊತ್ತಾಗುತ್ತದೆ. ಮಲಯಾಳದವರದ್ದೂ ಸೌರಮಾನವೇ, ಹಾಗಾಗಿ ನಿನಗೆ ತೊಂದರೆ ಇಲ್ಲ. ನಮ್ಮ ಮೇಷ ಅಂದರೆ ಅವರ ಮೇಡಂ, ತುಳುವಿನಲ್ಲಿ ಪಗ್ಗು.


ಮುಳ್ಳೇರಿಯ ಅಡಿಕೆ

ಅಂದರೆ ಮದುವೆಯಾಗುವಾಗ ನಾವು ಮೇಷ, ಅವರು ಮೇಡಂ. ಸರಿಯಾಗಿಯೇ ಉಂಟು.

ತಮಾಷೆ ಬಿಡಿ. ಕಾರ್ಡಿಗೆ ಅಡಿಕೆ ಹಾಳೆ ಯಾಕಾಗಬಾರದು? ಊಟದ ತಟ್ಟೆ ಮಾಡುತ್ತಾರೆ, ತಲೆಗೆ ಇಡುವ ಮುಟ್ಟಾಳೆ ಮಾಡುತ್ತಾರೆ. ಹಾಳೆಯ ಮೇಲೆ ಅಚ್ಚು ಹಾಕಿದರೆ ನಿಜವಾದ ‘ಹಾಳೆ’. ನನ್ನ ತೋಟದಲ್ಲಿ ಬೇಕಾದಷ್ಟು ಬಿದ್ದಿದೆ, ಫ್ರೀ.


ಕುಂಬಳೆ ಡಿಟಿಪಿ

ಮಾಡಿ ನೋಡಿದ್ದೇನೆ ಅಣ್ಣ. ಒಬ್ಬರು ಹಠ ಹಿಡಿದು ಸ್ಕ್ರೀನ್ ಪ್ರಿಂಟ್ ಹಾಕಿಸಿದರು. ಹಾಳೆಯ ಮೇಲೆ ಗೆರೆಗೆರೆ ಇರುತ್ತದಲ್ಲ, ಶಾಯಿ ಆ ಗೆರೆಯಲ್ಲಿ ಹರಿದು ಸಣ್ಣ ಅಕ್ಷರ ಎಲ್ಲ ಮೀಸೆ ಬಿಟ್ಟವು. ಹೆಸರು ಮಾತ್ರ ದೊಡ್ಡದಾಗಿ ಹಾಕುವುದಾದರೆ ಆದೀತು. ಮಳೆಗಾಲದಲ್ಲಿ ಬೂಸರು ಬೇರೆ.

ಕಾಗದದ ವಿಷಯ ಬಂತಲ್ಲ, ಹೇಳಿಬಿಡುತ್ತೇನೆ. 300 ಜಿಎಸ್‌ಎಂ ದಪ್ಪ ಸಾಕು. ಅಳತೆ 5 ಇಂಚು ಅಗಲ, 7 ಇಂಚು ಉದ್ದ, ಇದಕ್ಕೆ ಕವರ್ ಸುಲಭದಲ್ಲಿ ಸಿಗುತ್ತದೆ. ಎಲ್ಲರೂ ಮ್ಯಾಟ್ ಲ್ಯಾಮಿನೇಶನ್ ಕೇಳುತ್ತಾರೆ, ಮುಟ್ಟಲಿಕ್ಕೆ ನಯ ಅಂತ. ಆದರೆ ನಾಲ್ಕು ಮೂಲೆಗೆ ಅರಸಿನ ಹಚ್ಚುವ ಕ್ರಮ ಉಂಟಲ್ಲ ನಮ್ಮಲ್ಲಿ, ಲ್ಯಾಮಿನೇಶನ್ ಮೇಲೆ ಅರಸಿನ ಹಿಡಿಯುವುದಿಲ್ಲ. ಒಣಗಿ ಪುಡಿಯಾಗಿ ಉದುರಿ ಅಕ್ಷರದ ಮೇಲೆಲ್ಲ ಹರಡುತ್ತದೆ. ಕವರಿಗೂ ಹಾಗೇ. ನುಣುಪು ಕವರಿನ ಮೇಲೆ ಬಾಲ್‌ಪೆನ್ನು ಜಾರುತ್ತದೆ. ಹೆಸರು ಬರೆಯುವುದು ಅಪ್ಪ, ಬೈಗುಳ ತಿನ್ನುವುದು ನೀವು. ಸ್ವಲ್ಪ ಒರಟಾದ, ಲೇಪ ಇಲ್ಲದ, ಮಾಸಲು ಬಿಳಿಯ ಹಾಳೆ ತೆಗೆದುಕೊಳ್ಳಿ. ಅರಸಿನವೂ ಹಿಡಿಯುತ್ತದೆ, ಶಾಯಿಯೂ ಹಿಡಿಯುತ್ತದೆ.

ಹಾಲಿನ ಬ್ಯಾನರ್ ಬೇಕಾದರೆ ಈಗಲೇ ಹೇಳಿ. 2019ರಲ್ಲಿ ಕೇರಳದಲ್ಲಿ ಪಿವಿಸಿ ಫ್ಲೆಕ್ಸ್ ನಿಷೇಧ ಆದ ಮೇಲೆ ನಾವು ಬಟ್ಟೆಯ ಮೇಲೆ ಹಾಕುವುದು. ಬಟ್ಟೆಗೆ ಟೀರೋದ ಸಪೂರ ಗೆರೆ ಬೇಡ, ಅನೆಕ್ ದಪ್ಪದ್ದು ಹಾಕಿ. ತಾಂಬೂಲದ ಚೀಲಕ್ಕೂ ಅದೇ.


ಪೆರ್ಲದವಳು
ಬುಧವಾರ ರಾತ್ರಿ

ಒಂದು ವಿಷಯ ಸಿಕ್ಕಿತು. ರಜೆ ಹಾಕಿ ಊರಿಗೆ ಬಂದಿದ್ದೇನೆ. ಅಜ್ಜಿ ಟ್ರಂಕಿನಿಂದ ಅವರದ್ದೇ ಮದುವೆ ಕಾಗದ ತೆಗೆದು ಕೊಟ್ಟರು. 1962ರದ್ದು. ಅರ್ಧ ಹಾಳೆಗಿಂತ ಸಣ್ಣದು, ಅಂಚು ಕಂದು ಹಿಡಿದಿದೆ, ಮಡಿಕೆಯಲ್ಲಿ ತುಂಡಾಗುವ ಹಾಗೆ ಆಗಿದೆ. ಒಂದೇ ಬಣ್ಣ, ಕುಂಕುಮದ ಕೆಂಪು. ಹಿಂದಿನಿಂದ ಬೆರಳಾಡಿಸಿದರೆ ಅಕ್ಷರ ತಾಗುತ್ತದೆ. ಅಚ್ಚಿನ ಮೊಳೆ ಒತ್ತಿದ ಗುರುತು.

ಅದರಲ್ಲಿ ಚಿತ್ರವೇ ಇಲ್ಲ. ಮೇಲೆ ‘ಶ್ರೀ’, ಕೆಳಗೆ ಒಂದು ಗೆರೆ, ಆಮೇಲೆ ಪತ್ರದ ಹಾಗೆ ಮಾತು. ‘ಈ ಶುಭಕಾರ್ಯಕ್ಕೆ ತಾವು ಬಂದು ನಮ್ಮನ್ನು ಸಂತೋಷಪಡಿಸಬೇಕಾಗಿ ಬೇಡುವ’ ಅಂತ. ಅಜ್ಜನ ಹೆಸರೂ ಅಜ್ಜಿಯ ಹೆಸರೂ ಉಳಿದ ಸಾಲಿನಷ್ಟೇ ದೊಡ್ಡದು. ಆದರೆ ಆಚೀಚೆ ಜಾಗ ಬಿಟ್ಟದ್ದರಿಂದ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ‘ಲಕ್ಷ್ಮೀ’ಯ ಎರಡು ಒತ್ತೂ ಅಕ್ಷರದ ಅಡಿಯಲ್ಲಿ ಅಚ್ಚುಕಟ್ಟಾಗಿ ಕೂತಿವೆ, ಕೆಳಗಿನ ಸಾಲು ಅಷ್ಟು ದೂರ ಉಂಟು. ನಾನು ಎರಡು ವಾರದಿಂದ ಕಂಪ್ಯೂಟರಿನಲ್ಲಿ ಒದ್ದಾಡಿದ್ದನ್ನು ಯಾರೋ ಮೊಳೆ ಜೋಡಿಸುವವರು ಆಗಲೇ ಮಾಡಿ ಇಟ್ಟಿದ್ದಾರೆ.

ವಿಳಾಸ ನೋಡಿ ನಗು ಬಂತು. ‘ಕಾಸರಗೋಡು ತಾಲೂಕು, ಕಣ್ಣಾನೂರು ಜಿಲ್ಲೆ’.


ನೀರ್ಚಾಲು ಮಾಸ್ಟ್ರು

ನಗುವುದಲ್ಲ ಮಗಳೇ, ಸರಿಯೇ ಉಂಟು. ಕಾಸರಗೋಡು ಜಿಲ್ಲೆ ಆದದ್ದು 1984ರ ಮೇ 24ಕ್ಕೆ. ಅಲ್ಲಿಯ ತನಕ ನಾವು ಕಣ್ಣಾನೂರು ಜಿಲ್ಲೆಯವರು. ನನ್ನ ಅಪ್ಪ ಅಮ್ಮನ ಕಾಗದ 1954ರದ್ದು. ಅದರಲ್ಲಿ ‘ದಕ್ಷಿಣ ಕನ್ನಡ ಜಿಲ್ಲೆ’ ಅಂತ ಉಂಟು. ಆಗ ಮದ್ರಾಸು ರಾಜ್ಯ. 1956ರ ನವೆಂಬರ್ 1ಕ್ಕೆ ಕೇರಳ ಆಯಿತು. ಮನೆ ಕದಲಲಿಲ್ಲ, ಬಾವಿ ಕದಲಲಿಲ್ಲ. ನನ್ನ ಅಪ್ಪನ ಕಾಗದದಲ್ಲಿ ಒಂದು ಜಿಲ್ಲೆ, ನನ್ನದರಲ್ಲಿ ಇನ್ನೊಂದು, ನನ್ನ ಮಗನದ್ದರಲ್ಲಿ ಮತ್ತೊಂದು.

ಆ 1962ರ ಕಾಗದವನ್ನು ಸ್ಕ್ಯಾನ್ ಮಾಡಿ ಇಡು. ಪ್ಲಾಸ್ಟಿಕ್ ಲ್ಯಾಮಿನೇಶನ್ ಮಾತ್ರ ಮಾಡಿಸಬೇಡ.


ಉಪ್ಪಳದ ಡಿಸೈನರ್

ಪೆರ್ಲದವರೇ, ನಿಮಗೆ ಇನ್ನು ನನ್ನ ಸಲಹೆ ಬೇಡ. ಅಜ್ಜಿಯ ಕಾಗದವನ್ನೇ ಎದುರಿಟ್ಟುಕೊಳ್ಳಿ. ಅದೇ ಗೆರೆ, ಅದೇ ಅಂಚು, ಒಂದೇ ಬಣ್ಣ. ಆ ಅಕ್ಷರಕ್ಕೆ ಹತ್ತಿರ ಇರುವುದು ಟೀರೋವೇ. ಮಲಯಾಳಕ್ಕೆ ರಚನ.

ಈ ಕಡೆಯ ಅಚ್ಚಿನ ಕೆಲಸಕ್ಕೆ ದೊಡ್ಡ ಚರಿತ್ರೆ ಉಂಟು. ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಪ್ರೆಸ್ ಹಾಕಿದ್ದು 1841ರಲ್ಲಿ. 1843ರ ‘ಮಂಗಳೂರ ಸಮಾಚಾರ’, ಕನ್ನಡದ ಮೊದಲ ಪತ್ರಿಕೆ, ಅಚ್ಚಾದದ್ದು ಕಲ್ಲಚ್ಚಿನಲ್ಲಿ. ಕೈಯಲ್ಲಿ ಬರೆದದ್ದನ್ನು ಕಲ್ಲಿಗೆ ಇಳಿಸಿ ತೆಗೆಯುವುದು. ನಾವು ಈಗ ಕರ್ವ್ಸ್ ಮಾಡಿ ಕೊಡುವುದೂ ಒಂಥರಾ ಅದೇ.


ಹೊಸದುರ್ಗದ ಸೊಸೆ

ತುಳು ಲಿಪಿಯಲ್ಲಿ ಒಂದು ಸಾಲು ಹಾಕಬಹುದಾ ಅಂತ ನನ್ನ ತಮ್ಮ ಕೇಳುತ್ತಿದ್ದಾನೆ. ಅವನಿಗೂ ಹುಡುಗಿ ಹುಡುಕುತ್ತಿದ್ದೇವೆ. ‘ಮದಿಮೆಗ್ ಬಲೆ’ (ಮದುವೆಗೆ ಬನ್ನಿ) ಅಂತ ಅಷ್ಟೇ.


ಉಪ್ಪಳದ ಡಿಸೈನರ್

ಹಾಕಬಹುದು ಅಕ್ಕಾ. ತುಳು-ತಿಗಳಾರಿ 2024ರ ಸೆಪ್ಟೆಂಬರಿನಲ್ಲಿ ಯುನಿಕೋಡಿಗೆ ಸೇರಿದೆ, 16ನೇ ಆವೃತ್ತಿಯಲ್ಲಿ. ಆದರೆ ಫಾಂಟ್ ಇಲ್ಲದ ಫೋನಿಗೆ ಕಳಿಸಿದರೆ ಬರೀ ಚೌಕ ಕಾಣುತ್ತದೆ. ಹಾಗಾಗಿ ಗೊತ್ತಿದ್ದವರ ಹತ್ತಿರ ಬರೆಸಿ, ಚಿತ್ರ ಮಾಡಿ ಇಡುವುದೇ ಒಳ್ಳೆಯದು. ಓದುವವರು ಎಷ್ಟು ಜನ ಅಂತ ಕೇಳಬೇಡಿ.


ಪೆರ್ಲದವಳು
ಎಂಟು ದಿನದ ನಂತರ

ಪ್ರೂಫ್ ಬಂತು. ಸಾದಾ ಪ್ರಿಂಟರಿನ ಪ್ರೂಫ್ ಬೇಡ, ಅದೇ ಹಾಳೆಯಲ್ಲಿ ಅದೇ ಅಳತೆಗೆ ಕತ್ತರಿಸಿ ಕೊಡಿ ಅಂತ ಪ್ರೆಸ್ಸಿನಲ್ಲಿ ಹಠ ಹಿಡಿದೆ. ಕಂಪ್ಯೂಟರಿನಲ್ಲಿ ನಾನು ಎಲ್ಲವನ್ನೂ ದೊಡ್ಡದು ಮಾಡಿ ನೋಡುತ್ತಿದ್ದೆ. ಕೈಗೆ ಬಂದಾಗ 12 ಪಾಯಿಂಟು ಅಂದರೆ ಎಷ್ಟು ಸಣ್ಣದು ಅಂತ ಗೊತ್ತಾಯಿತು. ಅಜ್ಜಿ ಜಗಲಿಗೆ ಬಂದು ಬಿಸಿಲಿನಲ್ಲಿ ಹಿಡಿದು ಓದಿದರು. ಅವರು ಎಲ್ಲಿ ತಡೆದರೋ ಅಲ್ಲೆಲ್ಲ ನಾನು ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡೆ. ಹಾಲಿನ ವಿಳಾಸದಲ್ಲಿ ತಡೆದರು, ಫೋನ್ ನಂಬರಿನಲ್ಲಿ ತಡೆದರು. ಎರಡನ್ನೂ 14 ಮಾಡಿದೆ. ಗಂಟೆ 12.05ರ ಚುಕ್ಕೆ ಕಾಣದೆ 1205 ಅಂತ ಓದಿದರು. ಅದಕ್ಕೆ ‘12 ಗಂಟೆ 5 ನಿಮಿಷ’ ಅಂತಲೇ ಬರೆದುಬಿಟ್ಟೆ.

ಮಲಯಾಳದ ಮಗ್ಗುಲನ್ನು ಹುಡುಗನ ಅಮ್ಮ ನೋಡಿದರು. ನಾನು ಅವರನ್ನೂ ಈಗ ಅಮ್ಮ ಅಂತಲೇ ಕರೆಯುವುದು. ರಚನ ಹಿಡಿಸಿತು. ಆದರೆ ‘ಪೆರ್ಲ’ವನ್ನು ಅವರ ಕಡೆ ಬರೆಯುವ ಹಾಗೆ ತಿದ್ದಿಸಿದರು. ನಾನು ಕಾಞಂಗಾಡನ್ನು ನಮ್ಮ ಕಡೆ ಬರೆಯುವ ಹಾಗೆ ಬರೆದಿದ್ದೇನಲ್ಲ, ಹಾಗೆ. ಟೀರೋದ ಞ ನನಗೆ ಹಿಡಿಸಿತು. ದೊಡ್ಡದು ಮಾಡಿ ಫೋನಿನ ವಾಲ್‌ಪೇಪರ್ ಮಾಡಿಕೊಂಡಿದ್ದೇನೆ, ಹುಚ್ಚು ಅನ್ನಿ.

‘ಸಕುಟುಂಬರಾಗಿ’ ಅಂತ ಮಾತ್ರ ಹಾಕಿದ್ದೇನೆ ಮಾಸ್ಟ್ರೇ. ಅಪ್ಪ ಎರಡು ಸಲ ಓದಿ ‘ಇದು ಬೋಳು ಕಾಣ್ತದೆ’ ಅಂದರು. ನಿಮ್ಮ ಹೆಸರು ಹೇಳಿದೆ. ಸುಮ್ಮನಾದರು.

ಕರ್ವ್ಸ್ ಮಾಡಿ ಪಿಡಿಎಫ್ ಕೊಟ್ಟು ಬೆಂಗಳೂರಿಗೆ ಬಂದೆ.


ಕುಂಬಳೆ ಡಿಟಿಪಿ

ಒಳ್ಳೆ ಕೆಲಸ ತಂಗೀ. ಕಾಗದ ಬಂದ ಮೇಲೆ ಪಟ ಹಾಕಿ.


ಪೆರ್ಲದವಳು
ಹದಿನೈದು ದಿನದ ನಂತರ

ಕಾಗದ ಬಂತು. ಮೊದಲನೆಯದನ್ನು ಅಪ್ಪ ಅಮ್ಮ ಮಧೂರಿಗೆ ತೆಗೆದುಕೊಂಡು ಹೋಗಿ ಗಣಪತಿಯ ಎದುರು ಇಟ್ಟು ಬಂದರು. ಅರಸಿನ ಚೆನ್ನಾಗಿ ಹಿಡಿಯಿತಂತೆ, ಡಿಟಿಪಿ ಅಣ್ಣನಿಗೆ ಹೇಳಲು ಅಮ್ಮ ಹೇಳಿದ್ದಾರೆ. ನಮ್ಮ ಮನೆಯವರು ಕನ್ನಡದ ಮಗ್ಗುಲು ಮೇಲೆ ಮಾಡಿ ಕೊಡುತ್ತಾರೆ, ಅವರ ಮನೆಯವರು ಮಲಯಾಳದ ಮಗ್ಗುಲು ಮೇಲೆ ಮಾಡಿ ಕೊಡುತ್ತಾರೆ. ಯಾರಿಗೂ ಬೇಜಾರಿಲ್ಲ.

ಪಟ ಹಾಕಿದ್ದೇನೆ, ಆದರೆ ಕನ್ನಡದ ಮಗ್ಗುಲಿನ ಆರನೆಯ ಸಾಲು ನೋಡಿ. ನಾನು ಪಟ ನೋಡಿದ್ದೇ ನಿನ್ನೆ. ನಾನು ಬೆಂಗಳೂರಿಗೆ ಬಂದ ಮರುದಿನ ಅಪ್ಪ ಪ್ರೆಸ್ಸಿಗೆ ಫೋನ್ ಮಾಡಿದ್ದಾರೆ. 450ರಲ್ಲಿ 200 ಹಂಚಿ ಆಗಿದೆ.


ಮುಳ್ಳೇರಿಯ ಅಡಿಕೆ

ಪಟ ದೊಡ್ಡದು ಮಾಡಿ ನೋಡಿದೆ. ‘ಸಕುಟುಂಬರಾಗಿ ಸಪರಿವಾರ ಸಮೇತರಾಗಿ’. ಹಹ್ಹಾ! ಆ ಎರಡು ಶಬ್ದ ಮಾತ್ರ ಬೇರೆ ಅಕ್ಷರ ಅಲ್ವಾ? ಹೊಸ ಕೋಟಿಗೆ ಹಳೆ ಗುಬ್ಬಿ ಹೊಲಿದ ಹಾಗೆ ಉಂಟು.


ಉಪ್ಪಳದ ಡಿಸೈನರ್

ನುಡಿ 01 ಇ, ಅದೇ ಹಳೆ ಫಾಂಟ್. ನಾನು ನಿದ್ದೆಯಲ್ಲೂ ಗುರುತು ಹಿಡಿಯುತ್ತೇನೆ.


ನೀರ್ಚಾಲು ಮಾಸ್ಟ್ರು

ನನಗೂ ಒಂದು ಕಾಗದ ಬಂದಿದೆ ಮಗಳೇ. ಕೆಂಪು ಪೆನ್ನು ಕೈಯಲ್ಲಿ ಹಿಡಿದಿದ್ದೆ, ಕೆಳಗಿಟ್ಟೆ. ಸಮೇತರಾಗಿ ಬರುತ್ತೇವೆ.


ಕುಂಬಳೆ ಡಿಟಿಪಿ

ಆ ಪ್ರೆಸ್ಸಿನವರನ್ನು ಬೈಯಬೇಡಿ ತಂಗೀ. ಮದುಮಗಳ ಅಪ್ಪ ಫೋನ್ ಮಾಡಿ ಹೇಳಿದರೆ ನಾನೂ ಸೇರಿಸುತ್ತಿದ್ದೆ. ಕರ್ವ್ಸ್ ಮಾಡಿದ ಫೈಲಿಗೆ ಬೇರೆ ಎಂತ ಮಾಡ್ಲಿಕ್ಕಾಗ್ತದೆ?